ಬೆಲ್ಲವಿಲ್ಲದ ನೀರು

ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು ಬೆಲ್ಲ ನೀರು, ಮಾತು ಆಮೇಲೆ. ಬಿಸಿಲಲ್ಲಿ ನಡೆದು ಬಂದವರು ಜಗಲಿಯಲ್ಲಿ ಕೂತು, ಬೆಲ್ಲದ ತುಂಡನ್ನು ಬಾಯಿಗೆ ಹಾಕಿಕೊಂಡು, ಚೊಂಬು ಎತ್ತಿ ಗಂಟಲಿಗೆ ನೀರು ಸುರಿದುಕೊಂಡು, ಒಮ್ಮೆ ಉಸಿರು ಬಿಟ್ಟ ಮೇಲೆಯೇ ಬಂದ ಕಾರಣ ಕೇಳುವುದು. ಬೆಲ್ಲ ಇಷ್ಟೇ ಇರಬೇಕೆಂದು ಯಾರೂ ಕಟ್ಟಳೆ ಮಾಡಿಲ್ಲ. ಹುಣಸೆ ಬೀಜದಷ್ಟಿದ್ದರೂ ಮರ್ಯಾದೆಗೆ ಸಾಕು. ನಮ್ಮ ಮನೆಯಲ್ಲಿ ಮಾತ್ರ ಒಂದು ಬೇಸಿಗೆಯಲ್ಲಿ ಆ ತುಂಡು ವಾರದಿಂದ ವಾರಕ್ಕೆ ದೊಡ್ಡದಾಗುತ್ತ ಹೋಗಿ, ಕೊನೆಗೆ ನಿಂಬೆಹಣ್ಣಿನ ಗಾತ್ರಕ್ಕೆ ಬಂತು. ಅದು ಶ್ರೀಮಂತಿಕೆ ಹೆಚ್ಚಾಗಿ ಅಲ್ಲ. ಮನೆ ಕೈತಪ್ಪುವುದರಲ್ಲಿತ್ತು, ತಡೆಯಲು ನಮ್ಮ ಹತ್ತಿರ ಉಳಿದದ್ದು ಬೆಲ್ಲ ಒಂದೇ.

ಮನೆ ಇದ್ದದ್ದು ಕೆಮ್ಮಣ್ಣು ಊರಿನಿಂದ ಹೂಡೆಗೆ ಹೋಗುವ ದಾರಿಯಲ್ಲಿ, ಹೊಳೆಗೂ ಗದ್ದೆಗೂ ನಡುವಿನ ಮರಳು ದಿಣ್ಣೆಯ ಮೇಲೆ. ಮಣ್ಣಿನ ಗೋಡೆ, ಹೆಣೆದ ತೆಂಗಿನ ಮಡಲಿನ ಮಾಡು, ಸೆಗಣಿ ಸಾರಿಸಿದ ಚಾವಡಿ, ಹಗಲೂ ದೀಪ ಬೇಕಾದ ಒಂದು ಕೋಣೆ, ಹೊಗೆ ಹಿಡಿದ ಅಡುಗೆಮನೆ, ಅದರ ಹಿಂದೆ ಹಟ್ಟಿ. ಹಟ್ಟಿಯಲ್ಲಿ ಬೊಳ್ಳಿ ಎಂಬ ಹಸು. ಮನೆ ಅಜ್ಜಿಯದು, ನಮ್ಮಲ್ಲಿ ನೆಲ ಹೆಣ್ಣಿನ ಕಡೆಯಿಂದ ಇಳಿಯುವುದು. ಅಜ್ಜಿಯ ಮಗಳು ನನ್ನ ಅಮ್ಮ, ಅಮ್ಮನಿಗೆ ನಾನು ಒಬ್ಬಳೇ. ಅಪ್ಪ ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಪುಸ್ತಕ ಹೊಲಿಯುವ ಕೆಲಸಕ್ಕಿದ್ದು, ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದರು. ಈಗ ಭಾನುವಾರ ಕಾರು ಮಾಡಿಕೊಂಡು ಹೊಳೆಬದಿಗೆ ಬರುವವರು 'ಎಷ್ಟು ಸರಳ ಬದುಕು, ಪ್ರಕೃತಿಯ ಮಡಿಲು' ಎಂದು ಹೇಳುವುದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ನಮ್ಮದು ಸರಳವೇ ಆಗಿತ್ತು. ಕುಚ್ಚಲಕ್ಕಿ ಗಂಜಿ, ಸುಟ್ಟ ಒಣಮೀನು, ಒಂದು ಮಾವಿನ ಮಿಡಿ. ಬೆಳಿಗ್ಗೆ ಗದ್ದೆಯ ಮೇಲೆ ಕೊಕ್ಕರೆ ಇಳಿಯುವುದನ್ನು ನೋಡುತ್ತ ಹಲ್ಲುಜ್ಜುತ್ತಿದ್ದೆ, ಅದರ ಸುಖ ಸುಳ್ಳಲ್ಲ. ಆದರೆ ಮಡಿಲಲ್ಲಿ ಮಲಗಿದವರಿಗೆ, ಇವಳು ಯಾವಾಗ ಎದ್ದು ನಿಲ್ಲುತ್ತಾಳೋ ಎಂಬ ಹೆದರಿಕೆಯೂ ಇರುತ್ತದೆ. ನೋಡಲು ಬಂದವರಿಗೆ ಅದು ತಿಳಿಯುವುದಿಲ್ಲ.

ನಮ್ಮ ಹೆದರಿಕೆಯ ಹೆಸರು ಉಪ್ಪು. ಮಳೆ ನಿಂತ ಮೇಲೆ ಹೊಳೆಯಲ್ಲಿ ಮೇಲಿನ ನೀರು ಕಡಿಮೆಯಾಗಿ, ಭರತದ ಹೊತ್ತಿಗೆ ಸಮುದ್ರ ಹೊಳೆಯೊಳಗೆ ಏರಿ ಬರುತ್ತದೆ. ಹೊಳೆಯಿಂದ ನಮ್ಮ ಗದ್ದೆಗೆ ಒಂದು ತೋಡು ಇತ್ತು. ಅದರ ಬಾಯಿಗೆ ಪ್ರತಿವರ್ಷ ಕಟ್ಟ ಹಾಕಬೇಕು: ಎರಡು ಸಾಲು ಗೂಟ, ಗೂಟಕ್ಕೆ ಮಡಲಿನ ತಟ್ಟಿ, ನಡುವೆ ತುಳಿದು ತುಂಬಿದ ಜೇಡಿಮಣ್ಣು. ಕಟ್ಟ ನಿಂತರೆ ಗದ್ದೆಯಲ್ಲಿ ಸುಗ್ಗಿ ಬೆಳೆ, ಬಾವಿಯಲ್ಲಿ ಸಪ್ಪೆ ನೀರು. ಸಪ್ಪೆ ಎಂದರೆ ಬೇರೆ ಊರಿನವರಿಗೆ ರುಚಿ ಇಲ್ಲದ್ದು. ನಮಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಹಿಂದಿನ ಬೇಸಿಗೆಯ ಕೊನೆಗೆ ಕಟ್ಟ ಜಾರಿ ಬಾವಿ ಉಪ್ಪಾಗಿತ್ತು. ಅಮ್ಮ ಬಸುರಿಯಾಗಿದ್ದಳು. ದೂರದಿಂದ ಕೊಡ ಹೊತ್ತು ಹೊತ್ತು, ಮಳೆ ಬರುವ ಮೊದಲೇ ಹೊಟ್ಟೆಯಲ್ಲಿದ್ದದ್ದು ಹೋಯಿತು. ಆಗ ಅಪ್ಪ ಜಗಲಿಯಲ್ಲಿ ನಿಂತು, ಯಾರ ಮುಖವನ್ನೂ ನೋಡದೆ ಹೇಳಿದ ಮಾತು ನನಗೆ ನೆನಪಿದೆ. ಮನೆಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇನ್ನೊಂದು ಸಲ ಬಾವಿ ಉಪ್ಪಾದರೆ ನಾನು ಯಾರ ಮಾತೂ ಕೇಳುವುದಿಲ್ಲ ಅತ್ತೆ. ಮಣಿಪಾಲದಲ್ಲಿ ಕೋಣೆ ಹಿಡಿಯುತ್ತೇನೆ. ಎಲ್ಲರೂ ಹೋಗುವ."

"ಉಪ್ಪಾದರೆ ಅಲ್ವಾ? ಆಗುವುದಿಲ್ಲ," ಎಂದಳು ಅಜ್ಜಿ.

ಮಳೆ ನಿಂತ ಮೇಲೆ ಅಮ್ಮ ತಾನೇ ತೋಡಿಗಿಳಿದು, ಆಳುಗಳ ಜೊತೆ ಮಣ್ಣು ತುಳಿದು ಕಟ್ಟ ಹಾಕಿಸಿದಳು. ದಿನಾ ಎದ್ದ ಕೂಡಲೇ ಕಟ್ಟ ನೋಡಿ ಬಂದೇ ಒಲೆ ಹೊತ್ತಿಸುವುದು. ಅಲ್ಲಿ ಹುಟ್ಟಿ ಬೆಳೆದವಳು. ಮಣಿಪಾಲದ ಬೋಳು ಗುಡ್ಡೆಯ ಮೇಲೆ ಬಾಡಿಗೆ ಕೋಣೆ ಎಂದರೆ ಅವಳಿಗೆ ಜೈಲು. ಸುಗ್ಗಿಯ ಪೈರು ಮೊಣಕಾಲಿಗೆ ಬಂದಿತ್ತು. ಎಲ್ಲ ಸರಿಯಾಗಿ ನಡೆಯುತ್ತಿದೆ ಎನ್ನುವಾಗ ಕೆಡ್ಡಸ ಬಂತು.

ಕೆಡ್ಡಸ ಎಂದರೆ ಭೂಮಿ ಮುಟ್ಟಾಗುವ ದಿನಗಳು. ಚಳಿ ಮುಗಿಯುವ ಹೊತ್ತಿಗೆ ವರ್ಷಕ್ಕೊಮ್ಮೆ ಬರುತ್ತದೆ. ಆ ಮೂರು ದಿನ ನೆಲ ಅಗೆಯುವಂತಿಲ್ಲ, ಉಳುವಂತಿಲ್ಲ, ಹಸಿ ಎಲೆ ಕೊಯ್ಯುವಂತಿಲ್ಲ, ಒನಕೆ ಕುಟ್ಟಿ ನೆಲ ನಡುಗಿಸುವಂತಿಲ್ಲ. ಕೊನೆಗೆ ಹೆಂಗಸರು ಅಂಗಳದಲ್ಲಿ ನೆಲಕ್ಕೆ ಎಣ್ಣೆ ಬಿಟ್ಟು, ಅರಸಿನ ಕುಂಕುಮ ಇಟ್ಟು, ಹೆಣ್ಣುಮಗಳಿಗೆ ಮೀಯಿಸಿದ ಹಾಗೆ ಉಪಚಾರ ಮಾಡುತ್ತಾರೆ. ಮಕ್ಕಳಿಗೆ ಅದು ತಿನ್ನುವ ಹಬ್ಬ. ಅಕ್ಕಿ, ಹುರುಳಿ ಹುರಿದು ಪುಡಿ ಮಾಡಿ ಬೆಲ್ಲ, ಕಾಯಿ ಸೇರಿಸಿ ಕೊಡುತ್ತಿದ್ದರು. ಹಬ್ಬದ ಮೊದಲ ಬೆಳಿಗ್ಗೆ ನಾನು ಆ ಪುಡಿ ಮೆಲ್ಲುತ್ತಿದ್ದಾಗ ಅಮ್ಮ ತೋಡಿನ ಕಡೆಯಿಂದ ಓಡಿ ಬಂದಳು. ಸೀರೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು.

"ಏಡಿ ಕೊರೆದದ್ದು ಅಮ್ಮ. ಕಟ್ಟದ ಬುಡದಲ್ಲಿ ಕೈ ಹೋಗುವಷ್ಟು ತೂತು. ಈಗ ಇಳಿತ ಉಂಟು. ಭರತ ಬರುವ ಮೊದಲು ನಾಲ್ಕು ಬುಟ್ಟಿ ಜೇಡಿ ತುಂಬಿದರೆ ನಿಲ್ಲುತ್ತದೆ."

ಹೇಳುತ್ತ ಹೇಳುತ್ತ ಗೋಡೆಗೆ ಒರಗಿಸಿದ್ದ ಗುದ್ದಲಿಗೆ ಕೈ ಹಾಕಿದಳು. ಅಜ್ಜಿ ಎದ್ದು ಬಂದು ಗುದ್ದಲಿಯ ಹಿಡಿಯನ್ನು ಮೇಲಿನಿಂದ ಹಿಡಿದುಕೊಂಡಳು. ಜಗ್ಗಾಟ ಇಲ್ಲ, ಕೂಗಾಟ ಇಲ್ಲ. ಇಬ್ಬರೂ ಒಂದೇ ಗುದ್ದಲಿ ಹಿಡಿದು ನಿಂತಿದ್ದರು.

"ಇವತ್ತು ಬೇಡ."

"ಅಮಾವಾಸ್ಯೆಯ ಭರತ ಅಮ್ಮ ಇದು. ನಾಳೆಗೆ ಕಟ್ಟವೇ ಇರುವುದಿಲ್ಲ."

"ಮುಟ್ಟಾದವಳ ಮೈಗೆ ಗುದ್ದಲಿ ಹಾಕುತ್ತೀಯಾ ನೀನು?"

"ಮಣ್ಣು ಅಮ್ಮ ಅದು! ಮಣ್ಣು!"

"ಆ ದಿನಗಳಲ್ಲಿ ನನ್ನನ್ನು ಯಾರೂ ಕೂರಲು ಬಿಡಲಿಲ್ಲ," ಎಂದಳು ಅಜ್ಜಿ. "ಸೊಂಟ ಒಡೆದು ಹೋಗುವಾಗಲೂ ಗದ್ದೆಗೆ ಇಳಿಸಿದರು. ನಿಂತು ನಿಂತು ರಕ್ತ ಕಾಲಿಗೆ ಇಳಿಯುತ್ತಿತ್ತು. ಅವಳಿಗೆ ವರ್ಷಕ್ಕೆ ಮೂರು ದಿನ. ಅದನ್ನೂ ಕೊಡಬಾರದಾ ನಾವು?"

ಅಮ್ಮ ಗುದ್ದಲಿ ಬಿಟ್ಟಳು. ಬಿಟ್ಟವಳು ನೇರ ಹೋದದ್ದು ಲಾದ್ರು ಪೊರ್ಬುಗಳ ಮನೆಗೆ. ಪೊರ್ಬು ಎಂದರೆ ನಾವು ಕ್ರಿಸ್ತುವರ ಗಂಡಸರಿಗೆ ಮರ್ಯಾದೆಯಿಂದ ಹೇಳುವುದು. ಗದ್ದೆಯ ಆಚೆ ಎತ್ತರದಲ್ಲಿ ಅವರ ಮನೆ. ಕೊಂಕಣಿ ಅವರ ಮಾತು, ಕಲ್ಯಾಣಪುರದ ಇಗರ್ಜಿಗೆ ಭಾನುವಾರ ನಡೆದು ಹೋಗುವವರು. ಅವರಿಗೆ ಕೆಡ್ಡಸ ಇಲ್ಲ. ಸ್ವಲ್ಪ ಹೊತ್ತಿನಲ್ಲೇ ಅವರು ಹೆಗಲ ಮೇಲೆ ತಮ್ಮದೇ ಗುದ್ದಲಿ ಹೊತ್ತು ನಮ್ಮ ಅಂಗಳಕ್ಕೆ ಬಂದರು. ಅಮ್ಮನ ಮುಖದಲ್ಲಿ ಜೀವ ಬಂದಿತ್ತು.

"ಅಕ್ಕಾ, ನೀವು ಅಗೆಯುವುದು ಬೇಡ," ಎಂದರು ಪೊರ್ಬುಗಳು ಅಜ್ಜಿಗೆ. "ಹಬ್ಬ ನಿಮ್ಮದು, ನಮ್ಮದಲ್ಲ ಅಲ್ವಾ? ನಾನು ತುಂಬಿಸಿ ಬರುತ್ತೇನೆ. ನನಗೆ ದೋಷ ಇಲ್ಲ, ನಿಮಗೆ ಪಾಪ ಇಲ್ಲ."

ಅಜ್ಜಿ ಅವರಿಗೂ ಬೆಲ್ಲ ನೀರು ತಂದಿಟ್ಟಳು. ಅವರು ಕುಡಿದು ಚೊಂಬು ಕೆಳಗಿಡುವವರೆಗೆ ಕಾದಳು.

"ದೋಷದ ಮಾತಲ್ಲ ಪೊರ್ಬುಗಳೇ. ನೀವು ಅಗೆದರೆ ಅವಳಿಗೆ ನೋಯುವುದಿಲ್ವಾ?"

ಪೊರ್ಬುಗಳು ನೆಲ ನೋಡಿದರು. ಆಮೇಲೆ ಗುದ್ದಲಿಯನ್ನು ಮೆಲ್ಲಗೆ, ಸದ್ದಾಗದ ಹಾಗೆ, ನಮ್ಮ ಜಗಲಿಗೆ ಒರಗಿಸಿಟ್ಟರು. ಅಮ್ಮನ ಕಡೆ ತಿರುಗಿ, "ಅಗೆಯದೆ ಎಂತ ಮಾಡಬಹುದು ನೋಡುವ ಮಗಾ," ಎಂದರು. ಅವರು ಒಳ್ಳೆಯವರು. ಸ್ವಲ್ಪ ಕಡಿಮೆ ಒಳ್ಳೆಯವರಾಗಿದ್ದರೆ ನಮ್ಮ ಮನೆ ಉಳಿಯುತ್ತಿತ್ತೇನೋ ಎಂದು ನನಗೆ ಎಷ್ಟೋ ವರ್ಷ ಅನಿಸಿದ್ದುಂಟು.

ಅಗೆಯದೆ, ಕಡಿಯದೆ ಒಂದು ಹೊಳೆಯನ್ನು ತಡೆಯಲು ಹೊರಟೆವು. ಹಟ್ಟಿಯ ಗೊಬ್ಬರಕ್ಕೆ ಅಜ್ಜಿಯ ಒಪ್ಪಿಗೆ ಸಿಕ್ಕಿತು. ಅದು ಬೊಳ್ಳಿಯದು, ನೆಲದ್ದಲ್ಲ. ತೆಂಗಿನ ಸಿಪ್ಪೆ ಆಗಬಹುದು. ಬೈಹುಲ್ಲು, ಒಲೆಯ ಬೂದಿ, ತಾನಾಗಿ ಬಿದ್ದ ಮಡಲು ಆಗಬಹುದು. ಅಜ್ಜಿ ಏನು ಸುಮ್ಮನೆ ಕೂತಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಎಲ್ಲರಿಗಿಂತ ಹೆಚ್ಚು ಹೊತ್ತಳು. ಗೊಬ್ಬರದ ಬುಟ್ಟಿಯ ನೀರು ಅವಳ ಕೆನ್ನೆಯ ಮೇಲೆ ಇಳಿಯುತ್ತಿತ್ತು. ತೂತಿಗೆ ಸಿಪ್ಪೆ ತುರುಕಿದರೆ ಸಿಪ್ಪೆ ತೇಲಿತು. ಹುಲ್ಲು ಕಟ್ಟಿ ಇಟ್ಟರೆ ಹುಲ್ಲಿನೊಳಗಿಂದ ನೀರು ಬಂತು. ಗೊಬ್ಬರ ಕರಗಿ ತೋಡೆಲ್ಲ ಕಪ್ಪಾಯಿತು. ಕೊನೆಗೆ ಅಜ್ಜಿ ಮನೆಗೆ ಹೋಗಿ ತನ್ನ ಹತ್ತಿಯ ಹಾಸಿಗೆ ಸುತ್ತಿ ತಲೆಯ ಮೇಲೆ ಹೊತ್ತು ತಂದಳು. ಪೊರ್ಬುಗಳು ಅದನ್ನು ತೂತಿಗೆ ಒತ್ತಿ ಬೆನ್ನು ಕೊಟ್ಟು ನಿಂತರು. ನಾನು ಅಮ್ಮನ ಪಕ್ಕ ನಿಂತು ಗದ್ದೆಯ ಅಂಚಿನ ಜೇಡಿಯನ್ನು ನೋಡುತ್ತಿದ್ದೆ. ಕೈಗೆಟಕುವ ದೂರದಲ್ಲಿತ್ತು, ಹದವಾದ ಮಣ್ಣು. ಅಮ್ಮನೂ ಅದನ್ನೇ ನೋಡುತ್ತಿದ್ದಳು.

ಮಧ್ಯಾಹ್ನ ಕಳೆದ ಮೇಲೆ ಭರತ ಏರಿತು. ಹೊಳೆ ಸದ್ದು ಮಾಡಲಿಲ್ಲ. ಹಾಸಿಗೆ ಮೊದಲು ಉಬ್ಬಿತು, ಆಮೇಲೆ ಪೊರ್ಬುಗಳು ಜಾರಿದರು, ಆಮೇಲೆ ಗೂಟಗಳು ಒಂದೊಂದಾಗಿ ವಾಲಿದವು. ತಟ್ಟಿಗಳು ಗದ್ದೆಯೊಳಗೆ ತೇಲಿ ಬಂದವು. ಪೈರಿನ ನಡುವೆ ನೀರು ಹರಡಿದಾಗ ಅಮ್ಮ ಕೂಗಿಕೊಂಡ ಸ್ವರ, ಅವಳು ತೀರಿಕೊಂಡು ಇಷ್ಟು ವರ್ಷವಾದರೂ, ನನ್ನ ಕಿವಿಯಿಂದ ಹೋಗಿಲ್ಲ. ಹೆಸರು ಹಿಡಿದು ಕರೆದದ್ದಲ್ಲ, ಬೈದದ್ದೂ ಅಲ್ಲ, ಬರೀ ಸ್ವರ. ಅಜ್ಜಿ ಕೆಸರಲ್ಲಿ ಬಗ್ಗಿ, ಒಡೆದ ಹಾಸಿಗೆಯ ಹತ್ತಿಯನ್ನು ಹೆಕ್ಕುತ್ತಿದ್ದಳು. ಮೂರು ದಿನ ಕಳೆದು, ನೆಲಕ್ಕೆ ಎಣ್ಣೆ ಬಿಟ್ಟು, ಆಳುಗಳು ಗುದ್ದಲಿ ಹಿಡಿದು ಇಳಿದರು. ಕೋಟೆ ಸೂರೆ ಹೋದ ಮೇಲೆ ಬಾಗಿಲು ಹಾಕಿದ ಕಥೆ. ಪೈರು ತುದಿಯಿಂದ ಕೆಂಪಾಗಿ ಸುಟ್ಟು ಬಂತು. ಬಾವಿ ಕೆಲವು ದಿನ ತಡೆದು ನೋಡಿತು, ಮತ್ತೆ ಅದೂ ಸೋತಿತು.

ಮೊದಲು ತಿಳಿದದ್ದು ಬೊಳ್ಳಿಗೆ. ಬಕೆಟಿಗೆ ಮೂತಿ ಹಾಕಿ, ಹಿಂದೆ ತೆಗೆದು, ನಮ್ಮನ್ನು ನೋಡಿತು. ಅಜ್ಜಿ ತಾನೇ ಒಂದು ಬೊಗಸೆ ಕುಡಿದಳು.

"ಸಪ್ಪೆಯೇ ಉಂಟು," ಎಂದಳು. "ಹಸುವಿಗೆ ಮೈ ಸರಿ ಇಲ್ಲ."

ಇಲ್ಲಿಂದ ಶುರುವಾಯಿತು ಬೆಲ್ಲದ ಕಾರುಬಾರು. ಬೊಳ್ಳಿಗೆ, ಅಡುಗೆಗೆ, ನನಗೆ ಕುಡಿಯಲು ಎಂದು ಅಮ್ಮ ಪೊರ್ಬುಗಳ ಬಾವಿಯಿಂದ ನೀರು ಹೊರತೊಡಗಿದಳು; ಸೊಂಟದಲ್ಲಿ ಒಂದು ಕೊಡ, ತಲೆಯ ಮೇಲೆ ಒಂದು, ಬಿಸಿಲು ಏರುವ ಮೊದಲು ಮತ್ತು ಇಳಿದ ಮೇಲೆ. ಅಪ್ಪನ ಅಭ್ಯಾಸ ಮಾತ್ರ ಬೇರೆ. ಬಂದ ಕೂಡಲೇ ಬಾವಿಕಟ್ಟೆಗೆ ಹೋಗಿ, ತಾವೇ ಒಂದು ಕೊಡ ಸೇದಿ, ಕಾಲು ತೊಳೆದು, ಅದರಲ್ಲೇ ಚೊಂಬು ತುಂಬಿಸಿ ತಂದು ಜಗಲಿಯಲ್ಲಿ ಕೂರುವುದು. ಒಳಗಿನ ಹಂಡೆಯ ನೀರು ಅವರಿಗೆ ಆಗದು. ಹಾಗಾಗಿ ಅಜ್ಜಿ ಶನಿವಾರ ಸಂಜೆ ಬಾಗಿಲಲ್ಲೇ ಕಾದಿದ್ದು, ಅವರು ಚೊಂಬು ಎತ್ತುವ ಮೊದಲೇ ಓಲೆಬೆಲ್ಲದ ತುಂಡು ಕೈಗೆ ಕೊಡುವಳು. ಮೊದಲ ವಾರ ಹುಣಸೆ ಬೀಜದಷ್ಟು. ಆಮೇಲೆ ಗೋಲಿಯಷ್ಟು. ಆಮೇಲೆ ಅಡಿಕೆಯಷ್ಟು.

"ಇಷ್ಟು ಯಾಕೆ ಅತ್ತೆ?"

"ಬಿಸಿಲಲ್ಲಿ ಬಂದದ್ದಲ್ವಾ. ತಿನ್ನಿ, ತಿನ್ನಿ. ಪಿತ್ತಕ್ಕೆ ಒಳ್ಳೆಯದು."

ಅಪ್ಪ ಕೆನ್ನೆಯಲ್ಲಿ ಬೆಲ್ಲ ತುಂಬಿಸಿಕೊಂಡು ನೀರು ಕುಡಿಯುವರು. ಅಜ್ಜಿ ಅವರ ಗಂಟಲನ್ನೇ ನೋಡುವಳು. ಅಮ್ಮ ಅಜ್ಜಿಯನ್ನು ನೋಡುವಳು. ಅಪ್ಪ ಚೊಂಬು ಇಳಿಸಿ ಮುಖ ಒರೆಸಿಕೊಂಡು ಬೇರೆ ಮಾತು ತೆಗೆದಾಗ ಇಬ್ಬರೂ ಉಸಿರು ಬಿಡುವರು. ಮನೆ ಇನ್ನೊಂದು ವಾರ ಉಳಿಯಿತು. ಅವರಿಗೆ ಮೊದಲ ದಿನವೇ ಗೊತ್ತಾಗಿರಬೇಕು ಎಂದು ಈಗ ನನಗೆ ಖಂಡಿತ ಅನಿಸುತ್ತದೆ. ಕಾಲಿಗೆ ಹಚ್ಚಿದ ಸಾಬೂನು ನೊರೆ ಬಾರದೆ ಜಾರುವುದು ಯಾರಿಗೆ ತಿಳಿಯದು? ಆದರೆ ಬಾಯಿ ಬಿಟ್ಟರೆ ಮುದುಕಿಯನ್ನು ಅವಳ ನೆಲದಿಂದ ಕಿತ್ತು ತರಬೇಕು. ಅವರೂ ಬೆಲ್ಲ ಜಗಿಯುತ್ತ ಕೂತರು. ಎಲ್ಲರೂ ಎಲ್ಲರ ಮೇಲಿನ ಪ್ರೀತಿಯಿಂದ ಸುಳ್ಳು ಹೇಳುತ್ತಿದ್ದೆವು, ಮತ್ತು ಆ ಅಷ್ಟೂ ಪ್ರೀತಿಯ ಭಾರ ಅಮ್ಮನ ತಲೆಯ ಮೇಲಿನ ಕೊಡದಲ್ಲಿತ್ತು. 'ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ' ಎಂದು ಶಾಲೆಯಲ್ಲಿ ಕಾಪಿ ಬರೆಸುತ್ತಿದ್ದರು. ಬರೆಯುವಾಗ ನನಗೆ ಅಳು ಬರುತ್ತಿತ್ತು.

ಅಜ್ಜಿ ಬೇರೆ ನೀರು ಮುಟ್ಟಲಿಲ್ಲ. ಗಂಜಿಗೂ ತನ್ನ ಪಾಲಿಗೆ ಬಾವಿಯದ್ದೇ. ಅವಳ ತುಟಿ ಒಡೆಯಿತು, ಪಾದ ಬಾತುಕೊಂಡಿತು. ಅಮ್ಮ ಒಣಗಿದಳು. ಒಂದು ಬೆಳಿಗ್ಗೆ ಪೊರ್ಬುಗಳ ಗದ್ದೆ ಬದುವಿನಲ್ಲಿ ಕೊಡದ ಸಮೇತ ಕುಸಿದು ಕೂತಳು. ನಾನು ಹಿಂದೆ ಇದ್ದೆ. ಬೀಳುವುದು ಎಲ್ಲರೂ ಬೀಳುತ್ತಾರೆ. ಅವಳು ಬಿದ್ದಲ್ಲಿಂದ ಏಳಲು ನೋಡಲೇ ಇಲ್ಲ. ಚೆಲ್ಲಿದ ನೀರು ಒಣ ಮಣ್ಣಿನಲ್ಲಿ ಇಂಗುವುದನ್ನು ನೋಡುತ್ತ ಕೂತಿದ್ದಳು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ಮತ್ತೆ ಬಸುರಿ ಎಂದು ಅವಳು ಯಾರಿಗೂ ಹೇಳಿರಲಿಲ್ಲ. ನನಗೆ ಆ ಕೈ ನೋಡಿ ತಿಳಿಯಿತು.

ಅದೇ ಶನಿವಾರ ಸಂಜೆ ಅಪ್ಪ ಬಂದರು, ಕಾಲು ತೊಳೆದರು, ಚೊಂಬು ಹಿಡಿದು ಜಗಲಿಗೆ ಬಂದರು. ಅಜ್ಜಿಯ ಅಂಗೈಯಲ್ಲಿ ನಿಂಬೆಹಣ್ಣಿನಷ್ಟು ಬೆಲ್ಲ. ಅಮ್ಮ ಅಡುಗೆಮನೆಯಿಂದ ಬಂದು ಆ ಬೆಲ್ಲವನ್ನು ಎತ್ತಿಕೊಂಡು ತನ್ನ ಸೆರಗಿನಲ್ಲಿ ಕಟ್ಟಿದಳು.

"ಇವತ್ತು ಬೆಲ್ಲ ಇಲ್ಲ. ಬರೀ ನೀರು ಕುಡಿಯಿರಿ."

ಅಪ್ಪ ಅವಳನ್ನು ನೋಡಿದರು, ಅಜ್ಜಿಯನ್ನು ನೋಡಿದರು. ಚೊಂಬು ಎತ್ತಿದರು. ಚೊಂಬು ಖಾಲಿಯಾಗುವವರೆಗೆ ಕುಡಿದರು.

"ಹೇಗುಂಟು?" ಎಂದಳು ಅಮ್ಮ.

"ಸಪ್ಪೆ ಉಂಟು."

ಅಮ್ಮ ಕಂಬ ಹಿಡಿದುಕೊಂಡು ಹಾಗೇ ನೆಲಕ್ಕೆ ಜಾರಿದಳು.

"ನೀವೂ ಹಾಗೆ ಹೇಳಿದರೆ ನಾನು ಯಾರ ಹತ್ತಿರ ಹೋಗಲಿ? ಹೋದ ವರ್ಷ ಒಂದನ್ನು ಹೊಳೆಗೆ ಕೊಟ್ಟಾಯಿತು. ಇದನ್ನೂ ಕೊಡಬೇಕಾ? ಹೇಳಿ, ಇದನ್ನೂ ಕೊಡಬೇಕಾ?"

ಅಜ್ಜಿ ಅಮ್ಮನ ಹೊಟ್ಟೆಯನ್ನು ನೋಡಿದಳು. ಅವಳಿಗೂ ಅದು ಹೊಸ ಸುದ್ದಿ. ಖಾಲಿ ಚೊಂಬನ್ನು ಅಪ್ಪನ ಕೈಯಿಂದ ತೆಗೆದುಕೊಂಡು, ಬಾವಿಕಟ್ಟೆಯ ತನಕ ಬಾತ ಪಾದದಲ್ಲಿ ನಡೆದು ಹೋಗಿ, ತುಂಬಿಸಿಕೊಂಡು ಬಂದು ನಮ್ಮೆಲ್ಲರ ಎದುರು ನಿಂತು ಒಂದು ಗುಟುಕು ಕುಡಿದಳು. ಕುಡಿದು ಉಗುಳಿದಳು. ಅವಳು ಆ ಬಾವಿಯ ನೀರು ಉಗುಳಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಉಪ್ಪು," ಎಂದಳು. "ಕೋಣೆ ನೋಡಿ ಅಳಿಯನವರೇ."

ಮಳೆಗೆ ಮೊದಲೇ ಹೋದೆವು. ಬೊಳ್ಳಿಯನ್ನು ಪೊರ್ಬುಗಳು ತಮ್ಮ ಹಟ್ಟಿಗೆ ಕಟ್ಟಿಕೊಂಡರು. ಮಣಿಪಾಲದ ಕೋಣೆಗೆ ಕಿಟಕಿ ಒಂದು, ಹೊರಗೆ ನಾಲ್ಕು ಮನೆಗೆ ಸೇರಿ ಸಿಮೆಂಟಿನ ಅಂಗಳ, ಅಂಗಳದಲ್ಲಿ ನಲ್ಲಿ. ನಲ್ಲಿಯ ನೀರು ಸಪ್ಪೆ. ಅಜ್ಜಿ ಅದನ್ನು ಕುಡಿದು, ಮುಖ ಹಿಂಡಿ, ಡಬ್ಬಿಯಿಂದ ಒಂದು ಉಪ್ಪಿನ ಹರಳು ತೆಗೆದು ಲೋಟಕ್ಕೆ ಹಾಕಿಕೊಳ್ಳುತ್ತಿದ್ದಳು. ತಮ್ಮ ಅಲ್ಲೇ ಹುಟ್ಟಿದ, ಗಟ್ಟಿಯಾಗಿ ಹುಟ್ಟಿದ. ಅಮ್ಮನ ಮೈ ತುಂಬಿಕೊಂಡಿತು. ಆದರೆ ತಾಯಿ ಮಗಳ ನಡುವೆ ಬೇಕಾದಷ್ಟೇ ಮಾತು. ಅಕ್ಕಿ ತೊಳೆದೆಯಾ, ಮಗು ಎದ್ದಿತಾ. ಗುದ್ದಲಿಯ ದಿನದ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ.

ಮತ್ತೆ ಕೆಡ್ಡಸ ಬಂತು. ಎಣ್ಣೆ ಬಿಡುವ ದಿನ ಅಜ್ಜಿ ಬೆಳಿಗ್ಗೆಯೇ ಮಿಂದು, ಎಣ್ಣೆಯ ಬಟ್ಟಲು ಹಿಡಿದು ಅಂಗಳಕ್ಕೆ ಇಳಿದಳು. ಸಿಮೆಂಟಿನ ಮೇಲೆ ಆಚೆ ಈಚೆ ನಡೆದಳು. ನಲ್ಲಿಯ ಬುಡದಲ್ಲಿ ಬಗ್ಗಿ ನೋಡಿದಳು.

"ಇಲ್ಲಿ ನೆಲ ಎಲ್ಲಿ ಉಂಟು ಮಗಾ?" ಎಂದು ನನ್ನನ್ನು ಕೇಳಿದಳು.

ನಾನು ಅವಳನ್ನು ರಸ್ತೆಯ ಆಚೆ ಕರೆದುಕೊಂಡು ಹೋದೆ. ಅಮ್ಮ ತಮ್ಮನನ್ನು ಹೆಗಲಿಗೆ ಒರಗಿಸಿಕೊಂಡು, ಕರೆಯದಿದ್ದರೂ ಹಿಂದೆ ಬಂದಳು. ಅಲ್ಲಿ ಯಾವುದೋ ಹೊಸ ಕಟ್ಟಡಕ್ಕೆಂದು ಗುಡ್ಡೆ ಕಡಿಯುತ್ತಿದ್ದರು. ಘಟ್ಟದ ಮೇಲಿನಿಂದ ಬಂದ ಆಳುಗಳು ಸಾಲಾಗಿ ನಿಂತು ಪಿಕಾಸಿ ಎತ್ತಿ ಹಾಕುತ್ತಿದ್ದರು. ಗುಡ್ಡೆ ಕತ್ತರಿಸಿದ ಕಡೆ ಮುರಕಲ್ಲು ಹಸಿ ಕೆಂಪಾಗಿತ್ತು. ಅಜ್ಜಿ ಅಂಚಿನಲ್ಲಿ ನಿಂತಳು.

"ಮಕ್ಕಳೇ, ಇವತ್ತು ಒಂದು ದಿನ ಬೇಡ," ಎಂದಳು.

"ಎಂತ ಅಜ್ಜಿ, ಜಾಗ ನಿಮ್ಮದಾ?" ಎಂದು ಕೆಲಸ ಮಾಡಿಸುವವನು ಕೇಳಿದ. ಜೋರು ಮಾಡಿದ್ದೇನಲ್ಲ, ತಿಳಿಯದೆ ಕೇಳಿದ್ದು.

ಅಮ್ಮ ಅಜ್ಜಿಯ ಪಕ್ಕಕ್ಕೆ ಬಂದು ನಿಂತಳು.

"ಅಮ್ಮ," ಎಂದಳು. "ಆ ದಿನ ನಾನು ಅಗೆದಿದ್ದರೆ ನಮ್ಮ ಮನೆ ಉಳಿಯುತ್ತಿತ್ತು ಅಲ್ವಾ?"

ಅಜ್ಜಿ ದೇವರ ಹೆಸರು ಹೇಳಬಹುದು, ಹಣೆಬರಹ ಎನ್ನಬಹುದು, ಏಡಿಯನ್ನು ಬೈಯಬಹುದು ಎಂದುಕೊಂಡು ನಾನು ಕಾದೆ.

"ಉಳಿಯುತ್ತಿತ್ತು," ಎಂದಳು ಅಜ್ಜಿ.

ಅಷ್ಟು ಹೇಳಿ ಬಗ್ಗಿ, ಕಡಿದ ಜಾಗಕ್ಕೆ ಎಣ್ಣೆ ಬಿಡಲು ನೋಡಿದಳು. ಎಣ್ಣೆ ಅವಳ ಕಾಲಿನ ಮೇಲೆಯೇ ಚೆಲ್ಲಿತು. ಅಮ್ಮ ತಮ್ಮನನ್ನು ನನ್ನ ಕೈಗೆ ಕೊಟ್ಟಳು. ಬಟ್ಟಲನ್ನು ಅಜ್ಜಿಯಿಂದ ತೆಗೆದುಕೊಂಡು, ಕೆಂಪು ನೆಲದ ಮುಂದೆ ಮೊಣಕಾಲೂರಿ, ಉಳಿದದ್ದನ್ನು ತಾನೇ ಬಿಟ್ಟಳು.